ನೇತ್ರಾಣಿಯ ಸ್ಕೂಬಾ: ಕಡಲಿನ ತಂಡಕ್ಕೆ ಮೆಚ್ಚುಗೆ, ಹುಬ್ಬಳ್ಳಿಯ ಪ್ಯಾಕೇಜಿಗೆ ಆಕ್ಷೇಪ

ಈ ಜನವರಿಯಲ್ಲಿ ನಾನು ಮತ್ತು ಕಾಲೇಜು ಓದುವ ನನ್ನ ಮಗಳು ಹುಬ್ಬಳ್ಳಿಯ ಪ್ರವಾಸ ಏಜೆನ್ಸಿಯೊಂದರ ಒಂದು ದಿನದ ಪ್ಯಾಕೇಜಿನಲ್ಲಿ ನೇತ್ರಾಣಿ ದ್ವೀಪಕ್ಕೆ ಸ್ಕೂಬಾ ಡೈವಿಂಗಿಗೆ, ಅಂದರೆ ಸಿಲಿಂಡರಿನ ಗಾಳಿಯನ್ನು ಉಸಿರಾಡುತ್ತ ಕಡಲಿನೊಳಗೆ ಇಳಿಯುವುದಕ್ಕೆ, ಹೋಗಿಬಂದೆವು. ನಡುರಾತ್ರಿ ಎರಡು ಗಂಟೆಗೆ ಟೆಂಪೊ ಟ್ರಾವೆಲರ್ ಹೊಸೂರು ವೃತ್ತವನ್ನು ಬಿಟ್ಟು, ಕಲಘಟಗಿ, ಯಲ್ಲಾಪುರ ದಾಟಿ, ಅರಬೈಲು ಘಟ್ಟ ಇಳಿದು, ಅಂಕೋಲಾ, ಕುಮಟಾ, ಹೊನ್ನಾವರದ ಮೇಲೆ ಹಾಯ್ದು ಬೆಳಗಿನ ಏಳರ ಸುಮಾರಿಗೆ ಮುರ್ಡೇಶ್ವರ ತಲುಪಿತು. ಮಧ್ಯಾಹ್ನದೊಳಗೆ ಡೈವಿಂಗ್ ಮುಗಿಸಿ ಅದೇ ರಾತ್ರಿ ಮನೆ ಸೇರಿಸುವುದು ಅವರ ಏರ್ಪಾಡು. ಪ್ರಯಾಣ, ಉಪಾಹಾರ, ದೋಣಿ, ಡೈವ್, ನೀರಿನೊಳಗಿನ ಫೋಟೊ ಎಲ್ಲ ಸೇರಿ ತಲಾ 7,500 ರೂಪಾಯಿ ಕೊಟ್ಟೆವು. ಕಡಲಿನಲ್ಲಿ ನಮ್ಮನ್ನು ನೋಡಿಕೊಂಡದ್ದು ಮುರ್ಡೇಶ್ವರದ ಡೈವಿಂಗ್ ತಂಡ, ರಸ್ತೆಯ ಹೊಣೆ ಹುಬ್ಬಳ್ಳಿಯವರದು. ಡೈವಿಂಗ್ ತಂಡದ ಕೆಲಸ ನನಗೆ ಬಹಳ ಹಿಡಿಸಿತು. ಏಜೆನ್ಸಿಯವರು ಮಾತ್ರ ತಮ್ಮ ವೇಳಾಪಟ್ಟಿಯನ್ನು ಬದಲಿಸಲೇಬೇಕು. ಅದರ ಕಾರಣ ಘಟ್ಟದ ಮೇಲಿನ ನಮ್ಮಂಥವರಿಗೇ ಸಂಬಂಧಿಸಿದ್ದಾದ್ದರಿಂದ ವಿವರವಾಗಿ ಬರೆಯುತ್ತಿದ್ದೇನೆ.

ನೇತ್ರಾಣಿಯು ಮುರ್ಡೇಶ್ವರದ ದಂಡೆಯಿಂದ ಸುಮಾರು 19 ಕಿ.ಮೀ. ದೂರದಲ್ಲಿರುವ, ಕಡಿದಾದ ಬಂಡೆಗಳ, ಜನವಸತಿಯಿಲ್ಲದ ದ್ವೀಪ. ಮಳೆಗಾಲದಲ್ಲಿ ಅಲ್ಲಿ ಡೈವಿಂಗ್ ನಡೆಯುವುದಿಲ್ಲ. ಅಕ್ಟೋಬರಿನಿಂದ ಮೇ ತಿಂಗಳವರೆಗೆ ಹಂಗಾಮು. ದೋಣಿ ಹತ್ತುವ ಮುನ್ನ ಡೈವಿಂಗ್ ತಂಡದವರು ಆರೋಗ್ಯದ ಅರ್ಜಿ ತುಂಬಿಸಿಕೊಂಡು, ಆಸ್ತಮಾ, ಹೃದಯದ ತೊಂದರೆ, ಮೂರ್ಛೆರೋಗ, ಕಿವಿಯ ಶಸ್ತ್ರಚಿಕಿತ್ಸೆ ಇವುಗಳ ಬಗ್ಗೆ ಒಬ್ಬೊಬ್ಬರನ್ನೂ ಕೂರಿಸಿ ಕೇಳಿದರು. ಮಗಳಿಗೆ ಎರಡು ದಿನದಿಂದ ನೆಗಡಿಯಿತ್ತು. ಮೂಗು ಕಟ್ಟಿದವರಿಗೆ ಕಿವಿಯೊಳಗಿನ ಒತ್ತಡವನ್ನು ಸರಿದೂಗಿಸಲು ಬರುವುದಿಲ್ಲ, ಕಿವಿತಮಟೆ ಹರಿಯಬಹುದು, ಆದ್ದರಿಂದ ದೋಣಿಯಲ್ಲಿ ಬರಬಹುದೇ ಹೊರತು ನೀರಿಗೆ ಇಳಿಸುವುದಿಲ್ಲ ಎಂದರು. ಅವಳು ಎಷ್ಟು ಬೇಡಿಕೊಂಡರೂ ಒಪ್ಪಲಿಲ್ಲ. ಅವಳ ಡೈವಿನ ಹಣವನ್ನು ಮೇ ತಿಂಗಳೊಳಗಿನ ಯಾವುದಾದರೂ ದಿನಕ್ಕೆ ಜಮಾ ಇಟ್ಟುಕೊಂಡು ಚೀಟಿ ಬರೆದುಕೊಟ್ಟರು. ಬುಕಿಂಗ್ ಮಾಡುವಾಗ ಏಜೆನ್ಸಿಯವರು ಇದರಲ್ಲಿ ಒಂದು ಪ್ರಶ್ನೆಯನ್ನೂ ಕೇಳಿರಲಿಲ್ಲ.

ಇಂಥ ಮೊದಲ ಡೈವಿಗೆ ಈಸು ಬರಲೇಬೇಕೆಂದಿಲ್ಲ. ನನಗೆ ಬರುತ್ತದೆ, ಗದಗ ತಾಲ್ಲೂಕಿನ ನಮ್ಮೂರ ತೋಟದ ಬಾವಿಯಲ್ಲಿ, ಬೆನ್ನಿಗೆ ಒಣಗಿದ ಸೋರೆ ಬುರುಡೆ ಕಟ್ಟಿಕೊಂಡು ಕಲಿತದ್ದು. ಮುಳುಗು ಹೊಡೆದು ತಳದ ರಾಡಿಯನ್ನು ಮುಷ್ಟಿಯಲ್ಲಿ ಹಿಡಿದು ತರುವುದು ನಮ್ಮ ಪಂದ್ಯವಾಗಿತ್ತು, ಹೆಚ್ಚು ಹೊತ್ತು ಉಸಿರು ಬಿಗಿಹಿಡಿದವನೇ ಗಟ್ಟಿಗ. ಆ ಅಭ್ಯಾಸವೇ ಇಲ್ಲಿ ಅಡ್ಡ ಬಂತು. ದೋಣಿಯ ಪಕ್ಕದ ಹಗ್ಗ ಹಿಡಿದು ನೀರಿನಲ್ಲಿ ಮುಖವಿಟ್ಟ ಕೂಡಲೇ ನನ್ನ ಎದೆ ತಾನಾಗಿ ಬಿಗಿಯುತ್ತಿತ್ತು. ನನ್ನ ಜೊತೆಗಿದ್ದ ತರಬೇತುದಾರ, ಇಪ್ಪತ್ತೈದರ ಕರಾವಳಿಯ ಹುಡುಗ, ಗುಳ್ಳೆ ಏಳದಿದ್ದುದನ್ನು ಕಂಡು ನನ್ನನ್ನು ಮೇಲಕ್ಕೆತ್ತಿ, "ಸರ್, ನೀವು ಉಸಿರು ಹಿಡಿತಿದ್ದೀರಿ. ಹಿಡಿಬೇಡಿ, ಬಿಡ್ತಾ ಇರಿ" ಎಂದ. ಅವನು ಕೊಟ್ಟ ಕಾರಣವನ್ನು ಬಾವಿಯಲ್ಲಿ ಈಸು ಕಲಿತವರೆಲ್ಲ ತಿಳಿದಿರಬೇಕು. 10 ಮೀಟರ್ ಆಳದಲ್ಲಿ ಒಟ್ಟು ಒತ್ತಡ ಮೇಲ್ಮೈಯ ಎರಡರಷ್ಟಾಗುತ್ತದೆ. ಬಾವಿಯಲ್ಲಿ ಮುಳುಗುವವನು ಮೇಲಿನ ಗಾಳಿಯನ್ನೇ ಎದೆಯಲ್ಲಿ ಒಯ್ಯುವುದರಿಂದ ಅದು ಕೆಳಗೆ ಕುಗ್ಗಿ, ಮೇಲೆ ಬಂದಾಗ ಮೊದಲಿನಷ್ಟೇ ಆಗುತ್ತದೆ. ಸಿಲಿಂಡರಿನ ಗಾಳಿಯಾದರೋ ಆ ಆಳದ ಒತ್ತಡದಲ್ಲಿಯೇ ಎದೆ ತುಂಬುತ್ತದೆ. ಅದನ್ನು ಬಿಗಿಹಿಡಿದು ಮೇಲೇರಿದರೆ ಗಾಳಿ ಎರಡರಷ್ಟು ಹಿಗ್ಗಿ ಶ್ವಾಸಕೋಶವನ್ನೇ ಹರಿಯಬಹುದು. (ಸಿಲಿಂಡರಿನಲ್ಲಿ ಇರುವುದು ಒತ್ತಿ ತುಂಬಿದ ಸಾಮಾನ್ಯ ಗಾಳಿ, ಏಜೆನ್ಸಿಯ ಕರಪತ್ರದಲ್ಲಿ ಅಚ್ಚಾದಂತೆ ಆಕ್ಸಿಜನ್ ಅಲ್ಲ.) ಉಳಿದವರೆಲ್ಲ ಇಳಿದುಹೋದರೂ ಆ ಹುಡುಗ ಅವಸರಪಡಲಿಲ್ಲ. ನನ್ನ ಮುಖದೆದುರು ಅಂಗೈ ಹಿಡಿದು, ಒಂದು ಉಸಿರಿಗೆ ಒಂದು ಬೆರಳು ಮಡಚುತ್ತ, ಇಪ್ಪತ್ತು ನಿಮಿಷಕ್ಕೂ ಮೇಲೆ ಅಭ್ಯಾಸ ಮಾಡಿಸಿದ. ಕೊಟ್ಟ ಹಣ ಸಾರ್ಥಕವೆನಿಸಿದ್ದು ಮುಖ್ಯವಾಗಿ ಈ ಇಪ್ಪತ್ತು ನಿಮಿಷಕ್ಕಾಗಿ.

ಆಮೇಲೆ ಮೂಗು ಒತ್ತಿ ಮೆಲ್ಲಗೆ ಊದಿ ಕಿವಿ ಬಿಡಿಸಿಕೊಳ್ಳುತ್ತ, ಮೀಟರು ಮೀಟರಾಗಿ ಸುಮಾರು ಎಂಟು ಮೀಟರಿನವರೆಗೆ ಇಳಿದೆವು. ನೀರು ಬೆಚ್ಚಗಿತ್ತು. ನನ್ನ ಮಣಿಕಟ್ಟಿನ ಕೆಂಪು ದಾರ ಅಲ್ಲಿ ಕಂದು ಬಣ್ಣಕ್ಕೆ ತಿರುಗಿ, ಹಳೆಯ ಗೋಣಿಯ ಎಳೆಯಂತೆ ಕಂಡಿತು; ನೀರು ಮೊದಲು ಹೀರುವುದು ಕೆಂಪು ಬೆಳಕನ್ನೇ. ಹುಡುಗ ಅದರ ಮೇಲೆ ಟಾರ್ಚ್ ಹಿಡಿದಾಗ ಆ ಒಂದು ಬೊಗಸೆಯಷ್ಟು ಬೆಳಕಿನಲ್ಲಿ ದಾರ ಮತ್ತೆ ಕೆಂಪಾಯಿತು. ಗಿಣಿಮೀನೊಂದು ಹವಳವನ್ನು ಕಚ್ಚುತ್ತಿದ್ದ ಸದ್ದು ಖಡಕ್ ರೊಟ್ಟಿ ಮುರಿದಂತೆ ಕಿವಿಗೆ ಸ್ಪಷ್ಟವಾಗಿ ಕೇಳುತ್ತಿತ್ತು. ನೀರಿನಡಿ ಇದ್ದದ್ದು ಸುಮಾರು ಇಪ್ಪತ್ತು ನಿಮಿಷ.

ಡೈವಿಂಗ್ ತಂಡದಲ್ಲಿಯೂ ಒಂದು ದೋಷ ಕಂಡೆ. ಫೋಟೊ ತೆಗೆಯುವವನು ಚಿತ್ರ ಅಲುಗಬಾರದೆಂದು ಕೆಲವರನ್ನು ಹವಳದ ಮೇಲೆ ಮೊಣಕಾಲೂರಿ ಕೂರುವಂತೆ ಸನ್ನೆ ಮಾಡುತ್ತಿದ್ದ. ನೋಡಲು ಕಲ್ಲಿನಂತಿದ್ದರೂ ಹವಳವು ಸಣ್ಣ ಸಣ್ಣ ಜೀವಿಗಳು ಒತ್ತೊತ್ತಾಗಿ ಬಾಳುವ ವಸತಿ, ಬೆಳೆಯುವುದು ಬಹಳ ನಿಧಾನ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿ ಹುಲಿ, ಆನೆಗಳ ಸಾಲಿನಲ್ಲಿಯೇ ಅದಕ್ಕೂ ರಕ್ಷಣೆಯಿದೆ. ದಡಕ್ಕೆ ಬಂದ ಮೇಲೆ ಮುಖ್ಯಸ್ಥರಿಗೆ ಹೇಳಿದೆ, ಅವರು ಮರುಮಾತಾಡದೆ ತಪ್ಪನ್ನು ಒಪ್ಪಿಕೊಂಡರು.

ಇನ್ನು ಏಜೆನ್ಸಿಯ ಮಾತು. ಹಿಂದಿರುಗುವಾಗ ದೋಣಿಯಲ್ಲಿ ಆ ಹುಡುಗ ನಮ್ಮೂರು ಕೇಳಿದ. ಧಾರವಾಡ, ಸಂಜೆಯೇ ಹೊರಡುತ್ತೇವೆ ಎಂದಾಗ, "ಇವತ್ತು ಘಟ್ಟ ಹತ್ತಬೇಡಿ ಸರ್" ಎಂದ. ಆಳದಲ್ಲಿ ಉಸಿರಾಡುವಾಗ ಗಾಳಿಯಲ್ಲಿನ ಸಾರಜನಕ ರಕ್ತದಲ್ಲಿ, ಮಾಂಸಖಂಡಗಳಲ್ಲಿ ಕರಗಿರುತ್ತದೆ. ಅದು ನಿಧಾನವಾಗಿ ಹೊರಹೋಗಬೇಕು. ಅಷ್ಟರೊಳಗೆ ಗಾಳಿಯ ಒತ್ತಡ ಕಡಿಮೆಯಿರುವ ಎತ್ತರಕ್ಕೆ ಏರಿದರೆ, ಗೋಲಿ ಸೋಡಾ ಒಡೆದಾಗಿನಂತೆ ಮೈಯೊಳಗೆ ಗುಳ್ಳೆಗಳಾಗುವ ಅಪಾಯವಿದೆ. ಡೈವರ್ಸ್ ಅಲರ್ಟ್ ನೆಟ್‌ವರ್ಕ್ ಎಂಬ ಅಂತರರಾಷ್ಟ್ರೀಯ ಸಂಸ್ಥೆಯ ಸಲಹೆಯಂತೆ ಒಂದು ಡೈವ್ ಮಾಡಿದವರು ವಿಮಾನ ಹತ್ತುವ ಮುನ್ನ ಕನಿಷ್ಠ 12 ಗಂಟೆ ಕಾಯಬೇಕು, ಮತ್ತು ಆ ಸಲಹೆ 2,000 ಅಡಿಯ, ಅಂದರೆ ಸುಮಾರು 600 ಮೀಟರಿನ ಎತ್ತರದಿಂದಲೇ ಅನ್ವಯಿಸುತ್ತದೆ. ಹುಬ್ಬಳ್ಳಿ ಇರುವುದೇ 600 ಮೀಟರಿನ ಮೇಲೆ, ಧಾರವಾಡ 700 ಮೀಟರಿಗೂ ಮೇಲೆ. ಎಂಟು ಮೀಟರಿನಲ್ಲಿ ಇಪ್ಪತ್ತು ನಿಮಿಷ ಇದ್ದವರಿಗೆ ಅಪಾಯ ತೀರ ಕಡಿಮೆ ಎಂಬುದು ನಿಜ. ಆದರೂ ಮಾರುವವರು ಕೊಳ್ಳುವವರಿಗೆ ಇದನ್ನು ಮೊದಲೇ ಹೇಳಬೇಕಲ್ಲವೇ? ನಾನು ಫೋನಿನಲ್ಲಿ ಕೇಳಿದರೆ, ಇಲ್ಲಿಯವರೆಗೆ ಯಾರಿಗೂ ಏನೂ ಆಗಿಲ್ಲ ಎಂಬ ಉತ್ತರ ಬಂತು. ನಾಲ್ಕು ಗಂಟೆಗೆ ಗಾಡಿ ಹೊರಟುಹೋಯಿತು. ನಾವಿಬ್ಬರೂ ಸ್ವಂತ ಖರ್ಚಿನಲ್ಲಿ ಅಲ್ಲೇ ಕೋಣೆ ಹಿಡಿದು ಉಳಿದು, ಮರುದಿನ ಬಸ್ಸಿಗೆ ಬಂದೆವು. ಮರುಪ್ರಯಾಣದ ಹಣ ಹಿಂತಿರುಗಲಿಲ್ಲ.

ಮಗಳ ಚೀಟಿ ಇನ್ನೂ ಚಾಲ್ತಿಯಲ್ಲಿದೆ. ಈ ಸಲ ಏಜೆನ್ಸಿಯ ಗೊಡವೆಯಿಲ್ಲದೆ ಡೈವಿಂಗ್ ತಂಡದಲ್ಲಿ ನೇರವಾಗಿ ದಿನ ಗೊತ್ತುಮಾಡಿದ್ದೇವೆ: ಶುಕ್ರವಾರ ಸಂಜೆಗೆ ಮುರ್ಡೇಶ್ವರ, ಶನಿವಾರ ಬೆಳಿಗ್ಗೆ ಅವಳ ಡೈವ್, ಭಾನುವಾರ ಊಟ ಮುಗಿಸಿ ಘಟ್ಟ.