ಬಿಯಾಂಕಿಯ ‘ಕಾಡಿನ ಪತ್ರಿಕೆ’: ಕೊಂಡರೆ ಪೂರ್ತಿ ಪುಸ್ತಕವನ್ನೇ ಕೊಳ್ಳಿ

ರಷ್ಯಾದ ಪೀಟರ್ಸ್‌ಬರ್ಗ್‌ನಲ್ಲಿ ಮಕ್ಕಳ ಜೊತೆ ಇರುವ ನಮ್ಮವರು ರಷ್ಯನ್ ಓದಿಸೋಕೆ ಯಾವ ಪುಸ್ತಕ ತರಲಿ ಅಂತ ಕೇಳಿದರೆ ನಾನು ಹೇಳೋದು ಒಂದೇ, ವಿತಾಲಿ ಬಿಯಾಂಕಿಯ ‘ಲೆಸ್ನಾಯಾ ಗಜೇತಾ’. ಅಂದರೆ ಕಾಡಿನ ಪತ್ರಿಕೆ. ಆದರೆ ಯಾವ ಪ್ರತಿ ಅನ್ನೋದನ್ನ ನೋಡಿ ಕೊಳ್ಳಿ.

ನಾವು ಮೊದಲು ತಂದಿದ್ದು ಹೊಸದು, ತೆಳ್ಳಗಿನದು, ಬಣ್ಣಬಣ್ಣದ್ದು. ಎರಡು ವಾರಕ್ಕೇ ಬೈಂಡಿಂಗ್ ಬಿಟ್ಟುಕೊಂಡಿತು. ಅಂಟು ಹಾಕಿ ಸರಿ ಮಾಡಬಹುದಿತ್ತು, ಆದರೆ ಒಳಗೂ ಎಷ್ಟೋ ಭಾಗ ಕತ್ತರಿಸಿಬಿಟ್ಟಿದ್ದರು, ಮಗಳು ತುಂಬಾ ಇಷ್ಟಪಡೋ ಪ್ರಶ್ನೆಗಳ ಪುಟವೇ ಇರಲಿಲ್ಲ. ಆಮೇಲೆ ಹಳೇ ಪುಸ್ತಕದ ಅಂಗಡಿಯಲ್ಲಿ ಸೋವಿಯತ್ ಕಾಲದ ದಪ್ಪ ಪ್ರತಿ ಸಿಕ್ಕಿತು. ಹಾಳೆ ಹಳದಿಯಾಗಿದೆ. ಹೊಲಿಗೆ ಇನ್ನೂ ಗಟ್ಟಿಯಾಗಿದೆ.

ಊರಿನ ಪತ್ರಿಕೆಗಳಲ್ಲಿ ಬರೀ ಮನುಷ್ಯರ ಸುದ್ದಿ, ಕಾಡಿನಲ್ಲೇನು ಕಡಿಮೆ ನಡೆಯುತ್ತಾ? ಬಿಯಾಂಕಿ ಇಲ್ಲಿಂದ ಶುರು ಮಾಡುತ್ತಾರೆ. ತಂತಿ ಸುದ್ದಿ ಇದೆ, ಜಾಹೀರಾತು ಇದೆ, ತಿಂಗಳಿಗೊಂದರಂತೆ 12 ಸಂಚಿಕೆ. ವರ್ಷ ಶುರುವಾಗೋದು ಮಾರ್ಚ್ 21ಕ್ಕೆ, ಹೆಚ್ಚುಕಮ್ಮಿ ನಮ್ಮ ಯುಗಾದಿಯ ಹೊತ್ತಿಗೆ. ತಿಂಗಳುಗಳ ಹೆಸರು ಕೇಳಿ: ಗೂಡುಗಳ ತಿಂಗಳು, ಮರಿಗಳ ತಿಂಗಳು, ತುಂಬಿದ ಕಣಜಗಳ ತಿಂಗಳು. ಜನವರಿ 21ರಿಂದ ಕಡು ಹಸಿವಿನ ತಿಂಗಳು. ಕಟ್ಟಕಡೆಯದು ‘ವಸಂತದವರೆಗೆ ತಡಕೋ’ ತಿಂಗಳು. ಇಲ್ಲಿನ ಫೆಬ್ರವರಿ ಕಳೆದವರಿಗೆ ಆ ಹೆಸರಿನ ಅರ್ಥ ಬಿಡಿಸಿ ಹೇಳಬೇಕಿಲ್ಲ ಅಲ್ವಾ.

ನಮ್ಮ ಮನೆಯಲ್ಲಿ ಮತ್ತೆ ಮತ್ತೆ ಓದಿಸಿಕೊಳ್ಳೋದು ಮೊದಲ ಮೊಟ್ಟೆಯ ಸುದ್ದಿ. ಎಲ್ಲ ಹಕ್ಕಿಗಳಿಗಿಂತ ಮುಂಚೆ ಹೆಣ್ಣು ರೇವನ್, ಅಂದರೆ ಕಾಗೆ ಜಾತಿಯ ದೊಡ್ಡ ಹಕ್ಕಿ, ಮೊಟ್ಟೆ ಇಟ್ಟಿದೆ. ಎತ್ತರದ ಸ್ಪ್ರೂಸ್ ಮರ, ತುಂಬಾ ಹಿಮ. ಮೊಟ್ಟೆ ಹೆಪ್ಪುಗಟ್ಟಬಾರದು ಅಂತ ಅದು ಗೂಡು ಬಿಟ್ಟು ಏಳೋದೇ ಇಲ್ಲ, ಗಂಡು ಆಹಾರ ತಂದು ಕೊಡುತ್ತೆ. ಅಷ್ಟೇ ಸುದ್ದಿ. ಅಯ್ಯೋ ಪಾಪ ಅನ್ನೋ ಮಾತು ಎಲ್ಲೂ ಇಲ್ಲ, ಓದಿದವರಿಗೆ ಮಾತ್ರ ಕರುಳು ಚುರ್ ಅನ್ನುತ್ತೆ.

ಇಷ್ಟು ಹತ್ತಿರದಿಂದ ನೋಡೋ ಕಣ್ಣು ಬಂದಿದ್ದು ಮನೆಯಿಂದಲೇ. ಬಿಯಾಂಕಿ ಹುಟ್ಟಿದ್ದು 1894ರಲ್ಲಿ, ಇದೇ ಊರಲ್ಲಿ. ಅಪ್ಪ ಪ್ರಾಣಿ ಸಂಗ್ರಹಾಲಯದಲ್ಲಿ ಹಕ್ಕಿಗಳ ವಿಭಾಗ ನೋಡಿಕೊಳ್ಳುತ್ತಿದ್ದ ವಿಜ್ಞಾನಿ, ಮನೆ ಆ ಸಂಗ್ರಹಾಲಯದ ಎದುರಿಗೇ. ಗಾಜಿನ ಹಿಂದೆ ನಿಂತ ಪ್ರಾಣಿಗಳಿಗೆಲ್ಲ ಜೀವ ಬಂದರೆ ಎಷ್ಟು ಚೆನ್ನ ಅಂತ ಆ ಹುಡುಗನಿಗೆ ಆಸೆ. ಬೇಸಿಗೆಯಲ್ಲಿ ಫಿನ್‌ಲ್ಯಾಂಡ್ ಕೊಲ್ಲಿಯ ದಡದ ಲೆಬ್ಯಾಜ್ಯೆ ಹಳ್ಳಿ, ವಲಸೆ ಹಕ್ಕಿಗಳು ಸಾಲುಸಾಲಾಗಿ ಹೋಗೋ ದಾರಿ ಅದು. ಆಮೇಲಿನ ಬದುಕು ಸುಲಭದ್ದಲ್ಲ. 1920ರ ದಶಕದಲ್ಲಿ ಬಂಧಿಸಿ ಈಗಿನ ಕಜಕಸ್ತಾನದಲ್ಲಿರೋ ಉರಾಲ್ಸ್ಕ್‌ಗೆ ಗಡಿಪಾರು ಮಾಡಿದರು. ಈ ಪುಸ್ತಕ ಮೊದಲ ಸಲ ಬಂದಿದ್ದು 1928ರಲ್ಲಿ, ಆಮೇಲೆ 1959ರಲ್ಲಿ ತೀರಿಕೊಳ್ಳುವ ತನಕ ಹೊಸ ಮುದ್ರಣಗಳಿಗೆ ಸೇರಿಸುತ್ತಾ, ತಿದ್ದುತ್ತಾ ಇದ್ದರು.

ಇಷ್ಟವಾಗದ್ದೂ ಇದೆ. ಸಾಮೂಹಿಕ ಬೇಸಾಯದ ಸುದ್ದಿಗಳು ಈಗ ಓದೋಕೆ ಸಪ್ಪೆ, ನಾವು ಪುಟ ತಿರುಗಿಸಿಬಿಡುತ್ತೇವೆ. ಬೇಟೆಯ ಭಾಗ ಪುಟ್ಟ ಮಕ್ಕಳಿಗೆ ಸುಮ್ನೆ ಕೊಡಬೇಡಿ, ಮೊದಲು ನೀವು ಓದಿ. ಏಳು ವರ್ಷದ ನನ್ನ ಮಗಳು ಅತ್ತುಬಿಟ್ಟಳು.

ಅಂಗಡಿಯಲ್ಲಿ ದುಡ್ಡು ಕೊಡುವ ಮುಂಚೆ ಸಂಚಿಕೆಗಳ ಕೊನೆಯಲ್ಲಿ ‘ತೀರ್’ ಅನ್ನೋ ಭಾಗ ಇದೆಯಾ ನೋಡಿ. ಬಂದೂಕಿನಿಂದ ಗುರಿ ಹೊಡೆಯೋ ಜಾಗ ಅಂತ ಅರ್ಥ, ಇಲ್ಲಿ ಉತ್ತರದಿಂದ ಹೊಡೀಬೇಕು. ಹಿಮ ಬಿದ್ದಾಗಲೂ ಮರಿ ಮಾಡೋ ಹಕ್ಕಿ ಯಾವುದು ಅಂತ ಒಂದು ಪ್ರಶ್ನೆ ಇದೆ. ನನಗೆ ಗೊತ್ತಿರಲಿಲ್ಲ, ಮಗಳು ಥಟ್ಟನೆ ‘ಕ್ಲ್ಯೋಸ್ತ್’ ಅಂದಳು, ಅಂದರೆ ಇಂಗ್ಲಿಷಿನ ಕ್ರಾಸ್‌ಬಿಲ್ ಹಕ್ಕಿ.