ಫಿಲ್ಮ್ ಒಳಗೆ ಡೈ ಎಷ್ಟು ಬೇಗ ಹೋಗುತ್ತೆ: ಸೆಲ್ಲಾ, ಮುಳುಗಿಸೋದಾ, ರೋಲಾ?

ಡೈ ಡಿಫ್ಯೂಷನ್, ಅಂದ್ರೆ ಬಣ್ಣ ತೆಳು ಫಿಲ್ಮ್ ಒಳಗೆ ಹರಡ್ಕೊಳ್ಳೋ ವೇಗ, ಅಳೆಯೋಕೆ ಯಾವ ಮೆಥಡ್ ಇಟ್ಕೊಳ್ಳೋಣ ಅಂತ ಎಂಎಸ್ಸಿ ಪ್ರಾಜೆಕ್ಟ್ ಮಾಡೋರು ಕೇಳ್ತಾನೇ ಇರ್ತಾರೆ. ಎರಡು ಚೇಂಬರ್ ಸೆಲ್, ಡೈನಲ್ಲಿ ಮುಳುಗಿಸೋದು, ಸುತ್ತಿ ರೋಲ್ ಮಾಡೋದು, ಈ ಮೂರನ್ನೂ ಒಂದೇ ಸೆಲ್ಲೋಫೇನ್, ಒಂದೇ ನೀಲಿ ಡೈರೆಕ್ಟ್ ಡೈ (ಹತ್ತಿಯಂಥ ಸೆಲ್ಯುಲೋಸ್‌ಗೆ ನೇರವಾಗಿ ಹತ್ತೋ ಬಣ್ಣ), ಒಂದೇ ಟೆಂಪರೇಚರ್ ಇಟ್ಕೊಂಡು ಮಾಡಿ ನೋಡಿದೀನಿ, ಹಾಗಾಗಿ ಧೈರ್ಯವಾಗಿ ಹೇಳ್ತೀನಿ, ನನ್ನ ಓಟು ಮುಳುಗಿಸೋ ಮೆಥಡ್‌ಗೆ. ಆದ್ರೆ ಅದನ್ನ ನಂಬೋಕೆ ಮುಂಚೆ ಒಂದ್ಸಲ ರೋಲ್ ಮಾಡಿ ನೋಡ್ಲೇಬೇಕು.

ಎಲ್ರೂ ಶುರು ಮಾಡೋದು ಎರಡು ಚೇಂಬರ್ ಸೆಲ್‌ನಿಂದ, ಚರ್ಮದಂಥ ಪದರದ ಮೂಲಕ ಔಷಧಿ ಎಷ್ಟು ದಾಟುತ್ತೆ ಅಂತ ನೋಡೋ ಫಾರ್ಮಸಿಯವರ ಫ್ರಾಂಜ್ ಸೆಲ್ಲೂ ಇದೇ ಜಾತಿ. ಮಧ್ಯ ಫಿಲ್ಮ್, ಒಂದು ಕಡೆ ಡೈ, ಇನ್ನೊಂದು ಕಡೆ ಡೈ ಇಲ್ಲದ ಉಪ್ಪುನೀರು, ಎರಡೂ ಕಡೆ ಸ್ಟರರ್ ತಿರುಗ್ತಿರುತ್ತೆ, ಆಗಾಗ ಉಪ್ಪುನೀರಿನ ಕಡೆಯಿಂದ ಸ್ಯಾಂಪಲ್ ತೆಗೆದು, ಬಣ್ಣ ಎಷ್ಟು ಬೆಳಕು ಹೀರುತ್ತೆ ಅಂತ ಅಳೆಯೋ ಸ್ಪೆಕ್ಟ್ರೋಫೋಟೋಮೀಟರ್‌ನಲ್ಲಿ ರೀಡಿಂಗ್ ತಗೊಳ್ಳೋದು. ದಾಟಿದ ಡೈನ ಟೈಮ್ ಎದುರು ಹಾಕಿದ ಗ್ರಾಫ್ ಸ್ವಲ್ಪ ಹೊತ್ತು ತಳದಲ್ಲೇ ಇದ್ದು ಆಮೇಲೆ ನೇರವಾಗಿ ಏರುತ್ತೆ, ಆ ಗೆರೆಯ ಸ್ಲೋಪನ್ನೇ ಡಿಫ್ಯೂಷನ್ ಕೋಎಫಿಷಿಯೆಂಟ್ (ಫಿಲ್ಮ್ ಒಳಗೆ ಡೈ ಎಷ್ಟು ಬೇಗ ಓಡಾಡುತ್ತೆ ಅನ್ನೋ ಸಂಖ್ಯೆ, ಚಿಕ್ಕದಾಗಿ ಡಿ) ಅಂತ ಬರೆದಿರೋ ರಿಪೋರ್ಟ್‌ಗಳು ಬೇಕಾದಷ್ಟಿವೆ, ಅದು ತಪ್ಪು. ಸ್ಲೋಪ್‌ನಿಂದ ಸಿಗೋದು ಪರ್ಮಿಯೆಬಿಲಿಟಿ, ಅಂದ್ರೆ ಫಿಲ್ಮ್ ಒಟ್ಟಾರೆ ಡೈನ ಎಷ್ಟು ದಾಟಿಸುತ್ತೆ ಅನ್ನೋದು. ಅದ್ರಲ್ಲಿ ಡಿ ಜೊತೆ ಪಾರ್ಟಿಷನ್ ಕೋಎಫಿಷಿಯೆಂಟೂ (ನೀರಿಗೆ ಹೋಲಿಸಿದ್ರೆ ಫಿಲ್ಮ್‌ನಲ್ಲಿ ಡೈ ಎಷ್ಟು ಪಟ್ಟು ಸೇರುತ್ತೆ ಅನ್ನೋದು) ಗುಣಾಕಾರವಾಗಿ ಸೇರಿರುತ್ತೆ, ಅಂದ್ರೆ ಫಿಲ್ಮ್ ಡೈನ ಜಾಸ್ತಿ ಹೀರ್ಕೊಂಡ್ರೂ ಸ್ಲೋಪ್ ಏರುತ್ತೆ, ಒಳಗೆ ಡೈ ಬೇಗ ಓಡಾಡಿದ್ರೂ ಏರುತ್ತೆ, ಯಾವುದರಿಂದ ಏರ್ತು ಅಂತ ಗೊತ್ತಾಗಲ್ಲ. ಡಿ ಮಾತ್ರ ಬೇಕಂದ್ರೆ ಆ ನೇರ ಗೆರೆಯನ್ನ ಹಿಂದಕ್ಕೆ ಎಳೆದು, ಅದು ಟೈಮ್ ಅಕ್ಷವನ್ನ ಮುಟ್ಟೋ ಹೊತ್ತು, ಅಂದ್ರೆ ಟೈಮ್ ಲ್ಯಾಗ್ ತೆಗೀಬೇಕು, ಲ್ಯಾಗ್ ಅಂದ್ರೆ ಫಿಲ್ಮ್ ದಪ್ಪದ ವರ್ಗವನ್ನ 6ಡಿ ಇಂದ ಭಾಗಿಸಿದ್ದು. ಸ್ಟರರ್ ಸ್ಪೀಡ್ ಬದಲಾಯಿಸಿದಾಗ ಸ್ಲೋಪೂ ಬದಲಾದ್ರೆ ನೀವು ಅಳೀತಿರೋದು ಬರೀ ಫಿಲ್ಮ್ ಅಲ್ಲ, ಅದರ ಮೈಗಂಟಿದ ನೀರಿನ ಪದರಾನೂ ಸೇರಿದೆ. ಇನ್ನು ಲ್ಯಾಗೇ ಇಲ್ಲದೆ ಶುರುವಿಂದಲೇ ಬಣ್ಣ ಕಾಣಿಸ್ಕೊಂಡ್ರೆ ಮೊದಲು ಪಿನ್‌ಹೋಲ್ ಇದೆಯಾ, ಫಿಲ್ಮ್‌ನ ಬಿಗಿ ಹಿಡಿಯೋ ರಬ್ಬರ್ ಓ-ರಿಂಗ್ ಹತ್ರ ಲೀಕ್ ಇದೆಯಾ ನೋಡಿ.

ಮುಳುಗಿಸೋ ಮೆಥಡ್‌ಗೆ ಇಷ್ಟೆಲ್ಲ ಸಾಮಾನು ಬೇಡ. ಒಂದೇ ಅಳತೆಯ ಪಟ್ಟಿಗಳನ್ನ ಕತ್ತರಿಸಿ, ಸೆಲ್ಲೋಫೇನ್ ಮೆತ್ತಗಿರಲಿ ಅಂತ ಸೇರಿಸಿರೋ ಗ್ಲಿಸರಿನ್ ಹೋಗೋವರೆಗೂ ಬಿಸಿನೀರಲ್ಲಿ ತೊಳೆದು, ದೊಡ್ಡ ಬೀಕರ್‌ನ ಡೈ ದ್ರಾವಣಕ್ಕೆ ಹಾಕಿ, ಟೈಮ್ ನೋಡ್ಕೊಂಡು ಒಂದೊಂದೇ ತೆಗೆಯೋದು. ತಣ್ಣನೆ ಉಪ್ಪುನೀರಲ್ಲಿ ಒಂದ್ಸಲ ಅದ್ದಿ, ಫಿಲ್ಟರ್ ಪೇಪರ್ ಮೇಲೆ ಒತ್ತಿ, ಒದ್ದೆ ಪಟ್ಟಿಯನ್ನೇ ಕ್ಯೂವೆಟ್ (ಸ್ಪೆಕ್ಟ್ರೋಫೋಟೋಮೀಟರ್‌ನಲ್ಲಿ ಇಡೋ ಚಿಕ್ಕ ಪಾರದರ್ಶಕ ಪಾತ್ರೆ) ಗೋಡೆಗೆ ಸುಕ್ಕಿಲ್ಲದಂತೆ ಅಂಟಿಸಿ ಅಬ್ಸಾರ್ಬೆನ್ಸ್, ಅಂದ್ರೆ ಎಷ್ಟು ಬೆಳಕು ಹೀರ್ತು ಅಂತ ನೋಡೋದು. ಟೈಮ್‌ನ ವರ್ಗಮೂಲದ ಎದುರು ಪ್ಲಾಟ್ ಮಾಡಿದ್ರೆ ಸುಮಾರು 60% ತುಂಬೋವರೆಗೂ ನೇರ ಗೆರೆ ಬರುತ್ತೆ, ಅರ್ಧ ತುಂಬೋ ಟೈಮ್ ಗೊತ್ತಾದ್ರೆ 0.049 ಅನ್ನ ದಪ್ಪದ ವರ್ಗದಿಂದ ಗುಣಿಸಿ ಆ ಟೈಮ್‌ನಿಂದ ಭಾಗಿಸಿದ್ರೆ ಡಿ ಸಿಕ್ತು, ಕೊನೆಗೆ ಎಷ್ಟು ತುಂಬ್ತು ಅನ್ನೋದರಿಂದ ಪಾರ್ಟಿಷನ್ನೂ ಬೇರೆಯಾಗೇ ಸಿಕ್ತು. ನೀರಲ್ಲಿ ಉಬ್ಬಿದ 40 ಮೈಕ್ರಾನ್ ಫಿಲ್ಮ್ 20 ನಿಮಿಷದಲ್ಲಿ ಅರ್ಧ ತುಂಬುತ್ತೆ ಅಂತ ಇಟ್ಕೊಳ್ಳಿ, ಡಿ ಸುಮಾರು 6.5×10⁻¹⁰ ಸೆಂ.ಮೀ²/ಸೆಕೆಂಡ್ ಬರುತ್ತೆ. ಇದೇ ಫಿಲ್ಮ್ ಸೆಲ್‌ನಲ್ಲಿ ಹಾಕಿದ್ರೆ ಲ್ಯಾಗೇ 68 ನಿಮಿಷ, ಗೆರೆ ನೆಟ್ಟಗಾಗೋಕೆ ಅದರ ಮೂರು ಪಟ್ಟು ಕಾಯಬೇಕು. ಒಂದು ಮಧ್ಯಾಹ್ನ ಪೂರ್ತಿ ಹೋಯ್ತು.

ಮುಳುಗಿಸೋದಕ್ಕೆ ಮೆಥಿಲೀನ್ ಬ್ಲೂ ಬೇಡ ಅಂತೀನಿ, ಶೆಲ್ಫ್‌ನಲ್ಲಿ ಇರೋದೇ ಅದು ಅಂತ ಎಲ್ರೂ ಅದನ್ನೇ ತಗೊಳ್ತಾರೆ. ಅದರ ಪೀಕ್, ಅಂದ್ರೆ ಅತಿ ಹೆಚ್ಚು ಹೀರೋ ಬೆಳಕಿನ ತರಂಗಾಂತರ, 664 ನ್ಯಾನೋಮೀಟರ್, ದಟ್ಟವಾದಾಗ ಅಣುಗಳು ಜೋಡಿಯಾಗಿ 610ರ ಹತ್ರ ಇನ್ನೊಂದು ಪೀಕ್ ಏಳುತ್ತೆ, ಆಗ ಅಬ್ಸಾರ್ಬೆನ್ಸ್ ನೋಡಿ ಡೈ ಎಷ್ಟಿದೆ ಅಂತ ಹೇಳೋಕಾಗಲ್ಲ. ಮೇಲಾಗಿ ಗಾಜಿಗೂ ಅಂಟುತ್ತೆ.

ರೋಲ್ ಮೆಥಡ್ ಬಹಳ ತಾಳ್ಮೆ ಕೇಳುತ್ತೆ, ಆದ್ರೆ ನನಗೆ ಇದರ ಮೇಲೆ ತುಂಬ ಗೌರವ. ಒದ್ದೆ ಸೆಲ್ಲೋಫೇನನ್ನ ಗಾಜಿನ ಕಡ್ಡಿಗೆ ಗುಳ್ಳೆ ಇಲ್ಲದಂತೆ ಬಿಗಿಯಾಗಿ ಸುತ್ತಿ, ಎರಡೂ ತುದಿ ಸೀಲ್ ಮಾಡಿ, ಡೈನಲ್ಲಿ ಬಿಡೋದು. ಮೇಲಿನ ಲೆಕ್ಕದಲ್ಲೇ ಹೇಳೋದಾದ್ರೆ 24 ಗಂಟೆಗೆ ಡೈ ಚೆನ್ನಾಗಿ ಹೋಗಿರೋದು 150 ಮೈಕ್ರಾನ್, ಅಂದ್ರೆ ಬರೀ ನಾಲ್ಕು ಸುತ್ತು. ಬಿಚ್ಚುವಾಗ ಹೊರಗಿನ ಸುತ್ತು ಕಡು ನೀಲಿ, ಅದರ ಒಳಗಿಂದು ತಿಳಿ, ಆಮೇಲೆ ಬರೀ ಛಾಯೆ, ಸೆಕೆಂಡ್ ಹ್ಯಾಂಡ್ ಗ್ರಾಫ್ ಅಲ್ಲ, ಎಷ್ಟು ಆಳದಲ್ಲಿ ಎಷ್ಟು ಡೈ ಅನ್ನೋ ಪ್ರೊಫೈಲ್ ಕಣ್ಣೆದುರೇ! ಒಂದೊಂದು ಸುತ್ತನ್ನೂ ಕತ್ತರಿಸಿ ರೀಡಿಂಗ್ ತಗೊಂಡು ಇಳಿಜಾರಿನ ಆಕಾರ ನೋಡಿ. ಡಿ ಎಲ್ಲ ಕಡೆ ಒಂದೇ ಆಗಿದ್ರೆ ಎರರ್ ಫಂಕ್ಷನ್ ಅನ್ನೋ ಗಣಿತದ ಕರ್ವ್ ಮೇಲೆ, ನಿಧಾನವಾಗಿ ಇಳಿಯೋ ಹಾಗೆ, ಕೂರುತ್ತೆ, ಡೈ ಜಾಸ್ತಿ ಇರೋ ಕಡೆ ಡಿ ಜಾಸ್ತಿ ಆಗಿದ್ರೆ ಮುಂಭಾಗ ಕಡಿದಾಗಿ ಬೀಳುತ್ತೆ. ಹೀಗೆ ಬಿದ್ರೆ ಮುಳುಗಿಸಿ ಪಡೆದ ಡಿ ಒಂದು ಸರಾಸರಿ ಅಷ್ಟೇ, ಸೆಲ್‌ನಲ್ಲಂತೂ ಈ ವಿಷಯ ಹೊರಗೇ ಬರಲ್ಲ.

ಮೂರಕ್ಕೂ ದಪ್ಪ ಅಳೆಯೋದೇ ಜೀವಾಳ, ಅದ್ರಲ್ಲಿ 10% ಹೆಚ್ಚುಕಮ್ಮಿ ಆದ್ರೆ ಡಿನಲ್ಲಿ 20% ಹೋಗುತ್ತೆ. ಒಣ ಫಿಲ್ಮ್ ಅಳತೆ ಬಳಸ್ಬೇಡಿ, ಸೆಲ್ಲೋಫೇನ್ ನೀರಲ್ಲಿ ಹೆಚ್ಚುಕಮ್ಮಿ ಎರಡು ಪಟ್ಟು ಉಬ್ಬುತ್ತೆ. ಹತ್ತು ಒದ್ದೆ ಪದರ ಒಟ್ಟಿಗೆ ಎರಡು ಸ್ಲೈಡ್ ಮಧ್ಯ ಇಟ್ಟು ಮೈಕ್ರೋಮೀಟರನ್ನ ಹಗುರವಾಗಿ ತಾಗಿಸಿ, ಸ್ಲೈಡ್ ದಪ್ಪ ಕಳೆದು ಹತ್ತರಿಂದ ಭಾಗಿಸಿ. ನೀವೇ ಪೆಟ್ರಿ ಡಿಶ್‌ನಲ್ಲಿ ಹುಯ್ದ ಕೈಟೋಸಾನ್ (ಸೀಗಡಿ ಚಿಪ್ಪಿನಿಂದ ಮಾಡೋ ಪಾಲಿಮರ್) ಫಿಲ್ಮ್ ಆದ್ರೆ ಅಂಚಿಗೂ ನಡುವಿಗೂ ದಪ್ಪ ಬೇರೆ ಇರುತ್ತೆ, ಅದನ್ನ ಸುತ್ತೋಕೆ ಹೋಗ್ಬೇಡಿ, ನಡುವಿನ ತುಂಡು ಕತ್ತರಿಸಿ ಮುಳುಗಿಸಿ.