ಕಂಡೆನ್ಸೇಟ್ ಲೈನಿಗೆ ಯಾವ ಅಮೀನ್ ಹಾಕಬೇಕು?

ಸ್ಟೀಮ್ ತಣಿದು ಆದ ನೀರನ್ನು (ಕಂಡೆನ್ಸೇಟ್) ಬಾಯ್ಲರ್‌ಗೆ ವಾಪಸ್ ತರುವ ಪೈಪೇ ಕಂಡೆನ್ಸೇಟ್ ಲೈನ್. ಅದು ಸವೆಯದಂತೆ ಹಾಕುವ ರಾಸಾಯನಿಕ ಅಮೀನ್. ಬೋರ್‌ವೆಲ್ ನೀರಿನ ಬೈಕಾರ್ಬೊನೇಟ್ ಬಾಯ್ಲರ್‌ನಲ್ಲಿ ಒಡೆದು ಕಾರ್ಬನ್ ಡೈಆಕ್ಸೈಡ್ ಬರುತ್ತದೆ. ಸ್ಟೀಮ್ ತಣಿದು ನೀರಾದ ಕಡೆ ಅದು ಕರಗಿ ಕಾರ್ಬೊನಿಕ್ ಆಮ್ಲವಾಗಿ ಪೈಪನ್ನು ತಿನ್ನುತ್ತದೆ. ತೂತಾದ ಪೈಪನ್ನು ಕೊಯ್ದು ನೋಡಿ, ತಳದುದ್ದಕ್ಕೂ ಕಾಲುವೆ ತೋಡಿದ ಹಾಗಿರುತ್ತದೆ. ಥ್ರೆಡ್ ಇರುವ ಜಾಗವೇ ಬೇಗ ಸೋರುವುದು.

ನ್ಯೂಟ್ರಲೈಸಿಂಗ್ ಅಮೀನ್ ಈ ಆಮ್ಲವನ್ನು ಕೊಂದು ಪಿಎಚ್ ಅನ್ನು 8.5ರ ಆಸುಪಾಸಿಗೆ ಏರಿಸುತ್ತದೆ. ಇದರಲ್ಲಿ ಎರಡು ಬಗೆ ನೋಡಿ: ಮಾರ್ಫೊಲೀನ್ ಮೊದಲು ತಣಿಯುವ ನೀರಿಗೇ ಇಳಿದುಬಿಡುತ್ತದೆ. ಸೈಕ್ಲೊಹೆಕ್ಸೈಲಮೀನ್ ದೂರದ ತುದಿವರೆಗೂ ಹೋಗುತ್ತದೆ. ಲೈನ್ ಉದ್ದವಿದ್ದರೆ ಎರಡನ್ನೂ ಬೆರೆಸಿದ್ದೇ ಒಳ್ಳೆಯದು. ಪಿಎಚ್ ನೋಡಿ ಡೋಸ್ ಹೊಂದಿಸಬಹುದು, ಸುಲಭ. ಆದರೆ ಆಮ್ಲ ಜಾಸ್ತಿಯಾದಷ್ಟೂ ಖರ್ಚು ಜಾಸ್ತಿ. ಗಾಳಿಯ ಆಕ್ಸಿಜನ್ ಒಳಗೆ ಬಂದರೆ ನ್ಯೂಟ್ರಲೈಸಿಂಗ್ ಅಮೀನ್ ಪೈಪನ್ನು ಕಾಯುವುದಿಲ್ಲ.

ಆಕ್ಟಾಡೆಸೈಲಮೀನ್‌ನಂಥ ಫಿಲ್ಮಿಂಗ್ ಅಮೀನ್ ಉಕ್ಕಿನ ಮೇಲೆ ನೀರು ಹತ್ತದ ಪದರ ಕಟ್ಟುತ್ತದೆ, ಆಕ್ಸಿಜನ್ನಿಗೂ ಅಡ್ಡ. ಹಳೇ ಲೈನಿಗೆ ಒಮ್ಮೆಲೇ ಸುರಿಯಬೇಡಿ, ತುಕ್ಕು ಕಿತ್ತು ಬಂದು ಸ್ಟೀಮ್ ಟ್ರ್ಯಾಪ್ (ಸ್ಟೀಮನ್ನು ತಡೆದು ನೀರನ್ನಷ್ಟೇ ಬಿಡುವ ವಾಲ್ವ್) ಕಟ್ಟಿಕೊಳ್ಳುತ್ತದೆ.

ಕಂಡೆನ್ಸೇಟ್ ಬಹುಪಾಲು ವಾಪಸ್ ಬರುತ್ತಿದ್ದರೆ ನಾನು ಹೇಳುವುದು ನ್ಯೂಟ್ರಲೈಸಿಂಗ್ ಅಮೀನ್. ಬಾಯ್ಲರ್‌ಗೆ ಹೊಸ ನೀರು ಜಾಸ್ತಿ ಹೋಗುತ್ತಿದ್ದರೆ, ಬಾಯ್ಲರ್ ಆಗಾಗ ನಿಲ್ಲುತ್ತಿದ್ದರೆ ಫಿಲ್ಮಿಂಗ್ ಅಮೀನ್. ಡೇರಿಯವರು ಮಾತ್ರ ಹುಷಾರು: ಹಾಲಿಗೆ ತಾಗುವ ಸ್ಟೀಮ್‌ನಲ್ಲಿ ಮೇಲೆ ಹೆಸರಿಸಿದ ಮೂರು ಅಮೀನ್‌ಗಳನ್ನೂ ಅಮೆರಿಕದ ಆಹಾರ ನಿಯಮ ಒಪ್ಪುವುದಿಲ್ಲ. ಅಲ್ಲಿ ನೀರಿನ ಬೈಕಾರ್ಬೊನೇಟನ್ನೇ ಮೊದಲು ತೆಗೆಸಿ. ನೀರಿನ ಗಡಸುತನ ತೆಗೆಯುವ ಬರೀ ಸಾಫ್ಟ್‌ನರ್ ಅದನ್ನು ತೆಗೆಯುವುದಿಲ್ಲ.